ಬಲಗಡೆಯ ಪತ್ರಿ

ನಾನು ಉದಗೀರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಆ ವರ್ಷ ಸೋಯಾಬೀನ್ ರಾಶಿ ಮುಗಿದು, ದೀಪಾವಳಿಗೆ ಇನ್ನು ಎಂಟೇ ದಿನ ಉಳಿದಿದ್ದಾಗ ನಾನೊಂದು ಕೆಲಸ ಮಾಡಿದೆ. ಅದನ್ನು ಬರೆದು ಹೇಳುತ್ತಿರುವುದು ಇದೇ ಮೊದಲು.

ನಮ್ಮದು ದೇವಣಿ ಕಡೆಯ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಅಕ್ಷರ ತಿದ್ದಿಸಿದವಳು ಅವ್ವ, ಅವಳ ತವರು ಗಡಿಯಾಚೆ ಔರಾದ ಕಡೆ. ಆದ್ದರಿಂದ ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಗಂಡಸರನ್ನೂ ಸೇರಿಸಿ ಹೇಳುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಿಲಂಗಾದ ಕಾಲೇಜಿಗೆ ಹೋಗುವ ಬಸ್ಸು ನಮ್ಮೂರಿಗೆ ಬರುತ್ತಿರಲಿಲ್ಲ. ಡಾಂಬರು ರಸ್ತೆಯವರೆಗೆ ಮೂರು ಕಿಲೋಮೀಟರು ನಡೆಯಬೇಕು. ಎರಿ ಮಣ್ಣಿನ ಹಾದಿ, ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಮೂರು ವರ್ಷ ಮುಂಜಾನೆ ಅಪ್ಪ ನನ್ನ ಜೊತೆ ನಡೆದು ಬಂದರು, ಸಂಜೆ ಮತ್ತೆ ಅಲ್ಲೇ ಬಂದು ನಿಂತಿರುತ್ತಿದ್ದರು. ನನ್ನ ಡಿಗ್ರಿಯಲ್ಲಿ ಅರ್ಧ ಅವರ ಕಾಲಿನದು.

ಆ ಕಾಲಿನ ಬಗ್ಗೆಯೇ ಈಗ ಹೇಳಬೇಕಾಗಿದೆ.

ಅದಕ್ಕೂ ಮೊದಲು ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಊರ ಹೊರಗೆ ಹಳ್ಳದ ದಂಡೆಗೆ ಶಿವನ ಗುಡಿ ಇದೆ. ಮನೆಯಲ್ಲಿ ಏನಾದರೂ ದೊಡ್ಡದು ಮಾಡುವ ಮೊದಲು ಅಲ್ಲಿ ಹೋಗಿ 'ಪತ್ರಿ ಕೇಳು'ತ್ತಾರೆ. ಎರಡು ಬಿಲ್ವಪತ್ರೆ ನೀರಿನಲ್ಲಿ ಅದ್ದಿ, ಲಿಂಗದ ಬಲಕ್ಕೊಂದು ಎಡಕ್ಕೊಂದು ಹಚ್ಚುವುದು. ಮನಸ್ಸಿನ ಮಾತು ಬಾಯಿಬಿಟ್ಟು ಹೇಳುವುದು. ಆಮೇಲೆ ಕೈಕಟ್ಟಿ ಕೂಡುವುದು. ಬಲಗಡೆಯ ಪತ್ರಿ ಮೊದಲು ಬಿದ್ದರೆ ದೇವರು ಹೂಂ ಅಂದ ಹಾಗೆ, ಎಡಗಡೆಯದು ಬಿದ್ದರೆ ಬೇಡ ಅಂದ ಹಾಗೆ. ಎರಡೂ ಬೀಳದಿದ್ದರೆ ಇನ್ನೊಂದು ಸೋಮವಾರ ಬಾ ಎಂದರ್ಥ. ಬಾವಿ ತೋಡಿದ್ದು, ದೇವಣಿ ತಳಿಯ ಎತ್ತಿನ ಜೋಡಿ ತಂದದ್ದು, ಅತ್ತೆಯ ಲಗ್ನ, ಎಲ್ಲವೂ ಹೀಗೆಯೇ. ನನ್ನನ್ನು ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ಬಂದಾಗಲೂ ಅಪ್ಪ ಹೋಗಿ ಕೇಳಿದ್ದರು. ಬಲಗಡೆಯದು ಬಿತ್ತು ಎಂದು ಬಂದು ಹೇಳಿದರು, ನಾನು ಕಾಲೇಜಿಗೆ ಹೋದೆ. ಸೈನ್ಸ್ ಓದಿದ ಮೇಲೆ ಈ ಮಾತು ಯಾರ ಮುಂದೆಯೂ ಹೇಳಲು ನನಗೆ ನಾಚಿಕೆಯಾಗುತ್ತಿತ್ತು.

ಆ ವರ್ಷ ಅಪ್ಪನ ಬಲಗಾಲಿಗೆ ಸೋಯಾದ ಕೂಳೆ ಚುಚ್ಚಿತು. ಗಿಡ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟು ದಬ್ಬಣದ ಹಾಗೆ ಇರುತ್ತದೆ. ಅಪ್ಪ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟೇ ಹೊಲಕ್ಕೆ ಇಳಿಯುವವರು. ಭೂಮಿತಾಯಿಯನ್ನು ಚಪ್ಪಲಿಯಿಂದ ತುಳಿಯಬಾರದು ಎನ್ನುವವರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಪಾದದಲ್ಲಿ ಅರಿವು ಕಡಿಮೆಯಾಗಿತ್ತು. ಚುಚ್ಚಿದ್ದೇ ಗೊತ್ತಾಗಲಿಲ್ಲ. ಅಡುಗೆ ಮನೆಯ ಹಾಸುಗಲ್ಲಿನ ಮೇಲೆ ರಕ್ತದ ಹೆಜ್ಜೆ ನೋಡಿ ಅವ್ವನೇ ಹೇಳಿದಳು. ಅರಿಶಿನ ಹಚ್ಚಿದರು, ಬಟ್ಟೆ ಕಟ್ಟಿದರು. ನಾನು ಫೋನಿನಲ್ಲಿ ಉದಗೀರಕ್ಕೆ ಬನ್ನಿ ಎಂದರೆ, "ನೋವೇ ಇಲ್ಲಲ್ಲ ಶೈಲಾ, ಮತ್ತ್ಯಾಕ ಅಂಜತಿ?" ಎಂದು ನಕ್ಕರು. ನೋವಿಲ್ಲದಿರುವುದೇ ಅಂಜಿಕೆಯ ಮಾತು ಎಂದು ಅವರಿಗೆ ತಿಳಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ.

ಹದಿನೈದು ದಿನದ ಮೇಲೆ ಕಾಕಾ ಅವರನ್ನು ಮೋಟಾರ್ ಸೈಕಲ್ ಮೇಲೆ ಕರೆತಂದಾಗ ಎರಡು ಬೆರಳು ಕಪ್ಪಾಗಿದ್ದವು. ಕಾಕಾ ಅಂದರೆ ಅಪ್ಪನ ತಮ್ಮ. ಅಪ್ಪನ ರಕ್ತ ತೆಗೆದವಳು ನಾನೇ. ಮಷಿನ್ ತೋರಿಸಿದ ಅಂಕಿ ನೋಡಿ, ತಪ್ಪಿರಬೇಕು ಎಂದು ಮತ್ತೊಮ್ಮೆ ಹಾಕಿದೆ. ಮತ್ತೂ ಅದೇ ಬಂತು. ಬೇರೆ ಯಾರದಾದರೂ ಆಗಿದ್ದರೆ ಒಂದೇ ಸಲಕ್ಕೆ ಬರೆದುಕೊಡುತ್ತಿದ್ದೆ.

ಡಾಕ್ಟರರು ಕಾಲನ್ನು ಬಹಳ ಹೊತ್ತು ನೋಡಿ ಮರಾಠಿಯಲ್ಲಿ ನೇರವಾಗಿ ಹೇಳಿದರು. ಈಗ ಒಪ್ಪಿದರೆ ಮೊಣಕಾಲಿನ ಕೆಳಗೆ ತೆಗೆದರೆ ಸಾಕು. ಎರಡು ದಿನ ತಡವಾದರೆ ಮೊಣಕಾಲಿನ ಮೇಲೆ. ಅದಕ್ಕೂ ತಡವಾದರೆ ಜೀವದ ಮಾತು.

ಅಪ್ಪ ಟೋಪಿ ತೆಗೆದು, ಝಾಡಿಸಿ, ಮತ್ತೆ ಹಾಕಿಕೊಂಡರು.

"ನಡೀ ತಮ್ಮ, ಮನಿಗಿ ಹೋಗೂನು" ಎಂದರು ಕಾಕಾನಿಗೆ.

"ಅಪ್ಪಾ, ಮನಿಗಿ ಎದಕ? ಇಲ್ಲೇ ಭರ್ತಿ ಆಗಬೇಕು" ಎಂದೆ.

"ದೇವರ್ನ ಕೇಳದೆ ಭಾಂವಿ ತೋಡಿಲ್ಲ ನಾ, ಎತ್ತ ತಂದಿಲ್ಲ. ಕಾಲ ಕೊಡೂದದ. ಕೇಳದೆ ಹ್ಯಾಂಗ ಕೊಡ್ಲಿ?"

"ಇದು ಕೇಳೂ ಮಾತಲ್ಲಪ್ಪಾ."

"ಕೇಳಲಾರದಂಥ ಮಾತು ಯಾವುದದ, ನೀನ ಹೇಳು."

ಕಾಕಾ ನಡುವೆ ಬಾಯಿ ಹಾಕಿದ. "ಜಳಕೋಟ ಕಡಿ ಒಬ್ಬ ವೈದ್ಯ ಇದ್ದಾನ, ಎಲಿ ಕಟ್ಟತಾನ. ಎಂಥಾ ಕೊಳತ ಗಾಯ ಇದ್ರೂ ಮಾಯ್ತದಂತ. ಕಾಲ ಕಡಿಯೂದಂದ್ರ ಏನ್ ಕಬ್ಬ ಕಡದಂಗೇನು?"

ಮಾತು ಅಲ್ಲಿಗೆ ನಿಂತಿತು. ಮರುದಿನ ಮುಂಜಾನೆ ಗುಡಿಯಲ್ಲಿ ಪತ್ರಿ ಕೇಳುವುದು. ಬಲಗಡೆಯದು ಬಿದ್ದರೆ ಆಪರೇಷನ್. ಎಡಗಡೆಯದು ಬಿದ್ದರೆ ಜಳಕೋಟದ ವೈದ್ಯ. ನಾನು ರಜೆ ಹಾಕಿ ಅವರ ಜೊತೆ ಊರಿಗೆ ಹೋದೆ. ಹಾದಿಯುದ್ದಕ್ಕೂ ಸಿಟ್ಟು. ಇಷ್ಟು ಓದಿ ಏನು ಬಂತು, ನನ್ನ ಅಪ್ಪನ ಕಾಲು ಒಂದು ಎಲೆಯ ಮೇಲೆ ನಿಂತಿದೆ ಎಂದು.

ಗುಡಿಯ ಪೂಜೆ ಮಾಡುವ ಅಯ್ನೋರಿಗೆ ಎಂಬತ್ತರ ಹತ್ತಿರ ವಯಸ್ಸು. ಕೈ ನಡುಗುತ್ತದೆ, ಒಂದು ಕಣ್ಣಿಗೆ ಪೊರೆ. ಪತ್ರಿ ಹಚ್ಚುವವರು ಕೇಳುವವರೇ ಆಗಿರಬೇಕು ಎಂಬುದು ಅಲ್ಲಿಯ ನಡವಳಿಕೆ. ಆದರೆ ಅಪ್ಪ ಹೊಸ್ತಿಲಲ್ಲೇ ಕುಳಿತುಬಿಟ್ಟರು.

"ಕೀವ ಸೋರೂ ಕಾಲ ತಗೊಂಡು ಗರ್ಭಗುಡಿಗಿ ನಾ ಬರಾಂಗಿಲ್ರಿ ಅಯ್ನೋರ."

"ಅಂವಗ ಅದೆಲ್ಲಾ ನಡೀತದ, ಬಾ" ಎಂದರು ಅಯ್ನೋರು.

"ಅಂವಗ ನಡೀತದ್ರಿ, ನನಗ ನಡಿಯಾಂಗಿಲ್ಲ. ಶೈಲಾ ಹಚ್ತಾಳ. ನನ್ನ ರಕ್ತ ಅಲ್ಲೇನು?"

ಹೀಗೆ ನಾನು ಒಳಗೆ ಹೋದೆ. ಅಯ್ನೋರು ಎರಡು ಪತ್ರಿ ಆರಿಸಿ ನನ್ನ ಕೈಗೆ ಕೊಟ್ಟರು. ಎದುರಿಗೆ ತಾಮ್ರದ ಗಿಂಡಿ. ಲಿಂಗದ ಮೇಲೆ ಆಗಷ್ಟೇ ಹಚ್ಚಿದ ಗಂಧ ಇನ್ನೂ ಹಸಿಯಾಗಿತ್ತು. ಹೊಸ್ತಿಲ ಕಡೆಗೆ ನನ್ನ ಬೆನ್ನು. ಎರಡನ್ನೂ ನೀರಿನಲ್ಲಿ ಅದ್ದಿದೆ. ಒಂದನ್ನು ಓಢಣಿಯ ಅಂಚಿನಿಂದ ಒರೆಸಿದೆ. ಇನ್ನೊಂದರ ಬೆನ್ನಿಗೆ ಹೆಬ್ಬೆರಳಿನಿಂದ ಹಸಿ ಗಂಧ ಸವರಿದೆ. ಒಣಗಿದ್ದನ್ನು ಬಲಕ್ಕೆ, ಗಂಧ ಹಚ್ಚಿದ್ದನ್ನು ಎಡಕ್ಕೆ ಒತ್ತಿದೆ.

ಅಷ್ಟು ಮಾಡಲು ಎರಡು ಉಸಿರಿನ ಹೊತ್ತೂ ಹಿಡಿಯಲಿಲ್ಲ. ಅಂಜಿಕೆ ಆಗಲಿಲ್ಲ. ದೇವರೇ ಕ್ಷಮಿಸು ಎಂದೂ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೆ ದೇವರ ನೆನಪೇ ಇರಲಿಲ್ಲ. ಲಿಂಗ ಒಂದು ಕಲ್ಲಾಗಿತ್ತು, ಪತ್ರಿ ಒಂದು ಎಲೆಯಾಗಿತ್ತು. ಯಾವುದು ಅಂಟುತ್ತದೆ, ಯಾವುದು ಬೀಳುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಹೊಸ್ತಿಲಿನಿಂದ ಅಪ್ಪನ ದನಿ ಕೇಳಿಸಿತು. "ಯಪ್ಪಾ, ಈ ಕಾಲ ನೀ ಕೊಟ್ಟಿದ್ದಿ. ಅರವತ್ತ ವರ್ಷ ದುಡಿದದ. ಹೊಳ್ಳಿ ಬೇಕಂದ್ರ ಹೇಳು, ಕೊಡ್ತೀನಿ. ಇರ್ಲಿ ಅಂದ್ರೂ ಹೇಳು. ನೀ ಹೇಳ್ದಂಗ."

ಅವರು 'ಹೇಳ್ದಂಗ' ಅನ್ನುವಷ್ಟರಲ್ಲಿ ಬಲಗಡೆಯ ಪತ್ರಿ ಬಿತ್ತು.

ಹೊರಗೆ ಕಾಕಾ "ಅಯ್ಯಯ್ಯೋ" ಎಂದ. ಅಪ್ಪನ ಮುಖ ನಾನು ತಿರುಗಿ ನೋಡಿದೆ. ಹಿಂದಿನ ದಿನದಿಂದ ಬಿಗಿದುಕೊಂಡಿದ್ದ ಮುಖ ಸಡಿಲಾಗಿತ್ತು. ಎರಡೂ ಕೈ ಎತ್ತಿ ಮುಗಿದು, "ಆತು. ಅಂವಾ ಕೊಡು ಅಂದ. ಕೊಟ್ಟೆ" ಎಂದರು. ಅಷ್ಟೇ. ಹಠವಿಲ್ಲ, ಅಳುವಿಲ್ಲ.

ಎಡಗಡೆಯ ಪತ್ರಿಯನ್ನು ತೆಗೆದವರು ಅಯ್ನೋರು. ಅದರ ಬೆನ್ನಿನ ಮೇಲೆ ಬೆರಳು ಆಡಿಸಿದರು. ಬೆರಳನ್ನು ಮೂಗಿಗೆ ಹಿಡಿದರು. ನನ್ನ ಕಡೆ ನೋಡಿದ್ದು ಕಾಣುವ ಕಣ್ಣೋ ಪೊರೆಯ ಕಣ್ಣೋ ಗೊತ್ತಾಗಲಿಲ್ಲ.

"ನಿನ್ನ ಕೈಗಿ ಗಂಧ ಹತ್ಯದ ತಂಗಿ, ತೊಳಕೋ" ಎಂದರು.

ಆವತ್ತು ಮಧ್ಯಾಹ್ನವೇ ಆಪರೇಷನ್ ಆಯಿತು. ಡಾಕ್ಟರರು ಹೇಳಿದಂತೆ ಮೊಣಕಾಲಿನ ಕೆಳಗೆ. ಅಪ್ಪ ಉಳಿದರು.

ಮುಂದಿನ ಎರಡು ವರ್ಷ ಅಪ್ಪ ಒಂದೇ ಒಂದು ದಿನ ಕಾಲಿಗಾಗಿ ಅತ್ತದ್ದನ್ನು ನಾನು ನೋಡಲಿಲ್ಲ. ನಕಲಿ ಕಾಲು ಹಾಕಿಕೊಂಡು ನಡೆಯಲು ಕಲಿತರು. ಉಳಿದ ಮೋಟಿಗೆ ಎಣ್ಣೆ ಹಚ್ಚುವಾಗ, "ಇದರ ಮುಂದಿಂದು ದೇವರ ಪಾಲು" ಎನ್ನುತ್ತಿದ್ದರು. ದುಃಖ ಮಾಡಲು ಬಂದವರಿಗೇ ಅವರು ಸಮಾಧಾನ ಹೇಳುವರು. "ಎಷ್ಟು ಮಂದಿ ಕಾಲ ಸುಮ್ನ ಹೋಗ್ತಾವ. ನಂದು ಅಂವಾ ಬಾಯಿಬಿಟ್ಟು ಇಸ್ಕೊಂಡಾನ" ಎನ್ನುವರು. ಅವರು ಹಾಗೆ ಅಂದಾಗೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಜೀವ ಉಳಿಸಿದ್ದೇನೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳೂ ಅಲ್ಲ. ಆದರೆ ಕೈ ತೊಳೆಯುವಾಗೆಲ್ಲ ಗಂಧದ ವಾಸನೆ ಬಂದಂತಾಗುತ್ತಿತ್ತು. ಲ್ಯಾಬಿನಲ್ಲಿ ದಿನಕ್ಕೆ ಎಷ್ಟು ಸಲ ಕೈ ತೊಳೆಯಬೇಕು ಎಂಬುದು ಆ ಕೆಲಸ ಮಾಡುವವರಿಗೆ ಗೊತ್ತು.

ದೇವರೇ ಕಾಲು ಕೇಳಿದ ಎಂಬ ಮಾತು ಊರೂರಿಗೆ ಹಬ್ಬಿತು. ನಾನು ಇದನ್ನು ಯೋಚಿಸಿರಲಿಲ್ಲ.

ಎರಡು ವರ್ಷದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಜಳಕೋಟ ಕಡೆಯ ಗಂಡ ಹೆಂಡತಿ ಅಪ್ಪನನ್ನು ಹುಡುಕಿಕೊಂಡು ಬಂದರು. ನಾನು ರಜೆಗೆಂದು ಮನೆಯಲ್ಲಿದ್ದೆ. ಆ ಮನುಷ್ಯನಿಗೆ ಐವತ್ತು ಇರಬಹುದು. ಎಡಗಾಲಿಗೆ ಹಳೆಯ ಧೋತರ ಸುತ್ತಿದ್ದ. ಚಹಾ ತೆಗೆದುಕೊಂಡು ಕಟ್ಟೆಗೆ ಬಂದಾಗಲೇ ನನಗೆ ವಾಸನೆ ಬಂತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತು.

"ಡಾಕ್ಟರ್ ತೆಗಿಬೇಕಂತಾರ್ರಿ ಸಾವಕಾರ" ಎನ್ನುತ್ತಿದ್ದ ಅವನು. "ನಿಮಗ ದೇವರೇ ಹೇಳ್ದ ಅಂತ ಕೇಳೀವಿ. ನಮ್ದೂ ಒಂದಿಷ್ಟು ಕೇಳಬೇಕಂತ ಬಂದೀವಿ."

ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು. "ಫಿಕರ್ ಮಾಡಬ್ಯಾಡ. ನಾಳಿ ಸೋಮವಾರ ಅದ, ಇಲ್ಲೇ ಇರ್ರಿ. ಮುಂಜಾನಿ ಹೋಗೂನು. ಅಂವಾ ಸುಳ್ಳ ಹೇಳಾಂಗಿಲ್ಲ."

"ಮತ್ತ ಎಡಕ ಬಿದ್ರ?"

"ಎಡಕ ಬಿದ್ರ ಕಾಲ ಇಟಗೊ ಅಂದಂಗ."

ನನ್ನ ಕೈಯಲ್ಲಿ ಚಹಾದ ತಾಟು ಇತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟೆ. ನಾಳೆಯವರೆಗೆ ಕಾಯ್ದು, ಅವರನ್ನು ಬೇರೆ ಕರೆದು, ಹೇಗೋ ಒಪ್ಪಿಸಬಹುದು ಎಂದು ಒಂದು ಮನಸ್ಸು. ಇಲ್ಲವಾದರೆ ಮತ್ತೆ ನಾನೇ ಪತ್ರಿ ಹಚ್ಚಬಹುದು ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

"ಅಪ್ಪಾ, ಆವತ್ತ ಪತ್ರಿ ತಾನಾಗಿ ಬಿದ್ದಿಲ್ಲ" ಎಂದೆ. "ನಾ ಬೀಳಸೀನಿ. ಬಲಗಡಿದು ಒಣಾ ಮಾಡಿ ಹಚ್ಚಿದ್ದೆ. ಎಡಗಡಿದಕ್ಕ ಗಂಧ ಹಚ್ಚಿದ್ದೆ. ದೇವರು ಏನೂ ಹೇಳಿಲ್ಲ. ಡಾಕ್ಟರ್ ಹೇಳಿದ್ರು, ನಾ ಮಾಡ್ದೆ."

ಬಂದವನ ಹೆಂಡತಿ ನನ್ನನ್ನೂ ಅಪ್ಪನನ್ನೂ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಏಳ್ರಿ, ನಡೀರಿ ದವಾಖಾನಿಗಿ. ಈ ತಂಗಿ ತಂದಿ ಮಾರಿ ನೋಡಕೋತ ಇಷ್ಟು ಹೇಳ್ಯಾಳಂದ್ರ ಸುಮ್ನ ಹೇಳಿಲ್ಲ."

ಅವರು ಚಹಾ ಕುಡಿಯದೆ ಹೋದರು. ಉದಗೀರಕ್ಕೇ ಹೋಗಿದ್ದರು. ಆ ಮನುಷ್ಯ ಇವತ್ತಿಗೂ ಇದ್ದಾನೆ, ಬೆರಳುಗಳಷ್ಟೇ ಹೋದವು ಎಂದು ಆಮೇಲೆ ತಿಳಿಯಿತು.

ಅಪ್ಪ ಮಾತ್ರ ಕುಳಿತಲ್ಲೇ ಕುಳಿತಿದ್ದರು. "ಗಂಧ ಎಡಕ?" ಎಂದು ಕೇಳಿದರು, ಸರಿಯಾಗಿ ಕೇಳಿಸದವರ ಹಾಗೆ.

"ಹೂಂನಪ್ಪಾ."

ನಕಲಿ ಕಾಲಿನ ಪಟ್ಟಿ ಬಿಚ್ಚಿದರು. ಅದನ್ನು ಕಟ್ಟೆಯ ಆಚೆ ಬದಿಗೆ ಸರಿಸಿದರು. ಮೋಟಿನ ಮೇಲೆ ಕೈಯಿಟ್ಟುಕೊಂಡರು.

"ಇಷ್ಟ ದಿನ ಅಂವಾ ಇಸ್ಕೊಂಡಾನ ಅಂತಿದ್ದೆ. ಅಂವಾ ಇಸ್ಕೊಂಡದ್ದಕ್ಕ ಅಳಬಾರದಂತ ಅಳಲಿಲ್ಲ. ಈಗ ನೋಡಿದ್ರ ಬರೇ ಕಡದದ್ದು" ಎಂದರು. ಆಮೇಲೆ ಅತ್ತರು. ದನಿ ಬರಲಿಲ್ಲ, ಹೆಗಲು ಮಾತ್ರ ಅಲುಗುತ್ತಿದ್ದವು. ಎರಡು ವರ್ಷದ ಅಳು.

ಅಪ್ಪ ನನ್ನ ಜೊತೆ ಮಾತು ಬಿಟ್ಟರು. ನಾನು ವಾರಕ್ಕೊಮ್ಮೆ ಊರಿಗೆ ಬಂದರೆ, "ಬಂದಿ?" ಎಂದೂ ಕೇಳುತ್ತಿರಲಿಲ್ಲ. ಸೋಮವಾರ ಗುಡಿಗೆ ಹೋಗುವುದನ್ನೂ ಬಿಟ್ಟರು. ಅವ್ವನ ಹತ್ತಿರ ನಾನು ಗೋಳಾಡಿಕೊಂಡೆ. "ನಾ ಏನ್ ಕೆಟ್ಟ ಮಾಡೀನವ್ವಾ? ಜೀವ ಉಳಿಸೀನಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಉಳಿಸೀದಿ, ಯಾರು ಇಲ್ಲ ಅಂತಾರ? ಖರೆ, ಅವರು ಒರಗಿ ಕುಂತ ಗ್ವಾಡಿ ನೀನ ಕಟ್ಟಿದ್ದಿ, ನೀನ ಕೆಡವೀದಿ. ಬಿದ್ದವರಿಗಿ ಏಳಲಾಕ ಒಂದಿಷ್ಟು ಹೊತ್ತ ಬೇಕಲ್ಲ?"

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಜೋಳದ ಕಣಿಕೆಯಿಂದ ಗುಡಿಸಲಿನಂಥ ಕೊಪ್ಪೆ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲಿಟ್ಟು ಪೂಜೆ ಮಾಡಿ, ಹೊಲದಲ್ಲೇ ಉಣ್ಣುವುದು. ಸಜ್ಜೆಯ ಉಂಡೆ, ಭಜ್ಜಿ, ಮಡಕೆಯಲ್ಲಿ ಅಂಬಲಿ. ಅಪ್ಪನನ್ನು ಬಂಡಿಯಲ್ಲಿ ಕರೆದುಕೊಂಡು ಹೋದೆವು. ಉಂಡಾದ ಮೇಲೆ ಅವ್ವ ಮತ್ತು ಕಾಕಾನ ಮನೆಯವರು ಹೊಲದ ಸುತ್ತ ಭೂಮಿತಾಯಿಗೆ ಅಂಬಲಿಯ ಚರಗ ಚೆಲ್ಲಲು ಹೋದರು. ಕೊಪ್ಪೆಯ ನೆರಳಿನಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಉಳಿದೆವು.

ಅಪ್ಪ ಹಸಿ ಕಡಲೆ ಸುಲಿಯುತ್ತಿದ್ದರು. ಸುಲಿದದ್ದನ್ನು ನನ್ನ ಕಡೆ ಸರಿಸಿದರು. ಆ ಕಡಲೆಯಿಂದಲೇ ಮಾತು ತೆರೆಯಿತು.

"ನಿನ್ನ ಕಾಲೇಜಿಂದು ಕೇಳಲಾಕ ನಾ ಎಷ್ಟ ಸಲ ಹೋಗಿದ್ದೆ, ಗೊತ್ತದೇನು?"

"ಒಂದ ಸಲ ಅಲ್ಲೇನು?"

"ಮೂರ ಸೋಮವಾರ. ಮೊದಲ್ನೇ ಸೋಮವಾರ ಎರಡೂ ಬೀಳಲಿಲ್ಲ. ಎರಡನೇ ಸೋಮವಾರಾನೂ ಬೀಳಲಿಲ್ಲ. ನಮ್ಮವ್ವ, ನಿನ್ನ ಆಯಿ, ಅಂದ್ಳು, ದೇವರಿಗಿ ಮನಸಿಲ್ಲ, ಬಿಡು ಅಂತ. ಮೂರನೇ ಸೋಮವಾರ ಹೊತ್ತ ನೆತ್ತಿಗಿ ಬರೂತನ ಕುಂತೆ. ಅಯ್ನೋರು ಉಣಲಾಕ ಹೋಗಿದ್ರು. ಗುಡಿಯಾಗ ನಾ ಒಬ್ಬಾಂವ." ಇನ್ನೊಂದು ಕಡಲೆ ಸುಲಿದರು. "ಬಲಗಡಿ ಪತ್ರಿದು ತುದಿ ಎದ್ದಿತ್ತು ಶೈಲಾ. ಒಂದೀಟು ಉಫ್ ಅಂದಿದ್ರ ಬೀಳ್ತಿತ್ತು. ನನಗೂ ಬೇಕಾಗಿತ್ತು. ನಿನಗಿಂತ ಹೆಚ್ಚು ಬೇಕಾಗಿತ್ತು. ಉಸರ ಬಿಗಿಹಿಡದು ಹಿಂದ ಸರದು ಕುಂತೆ. ನನ್ನ ಉಸರ ತಾಕಬಾರದಂತ. ಆಮ್ಯಾಲ ಅದು ತಾನ ಬಿತ್ತು."

ಆ ಮಧ್ಯಾಹ್ನದ ಮೇಲೆ ನನ್ನ ಇಡೀ ಬಾಳು ನಿಂತಿದೆ. ಅದನ್ನು ಅವರು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

"ಎಡಗಡಿದು ಬಿದ್ದಿದ್ರ ಏನ್ ಮಾಡ್ತಿದ್ದಿ ಅಪ್ಪಾ?"

ಅಪ್ಪ ಮೊದಲ ಸಲ ಸ್ವಲ್ಪ ನಕ್ಕರು. "ಅಲ್ಲೇ ಕುಂತು ಅವನ ಜೋಡಿ ಜಗಳಾ ತೆಗಿತಿದ್ದೆ. ನನ್ನ ಮಗಳಿಗಿ ಯಾಕ ಬ್ಯಾಡ ಅಂತಿ, ಹೇಳು ಅಂತಿದ್ದೆ. ಹಿರ್‍ಯಾರು ಬ್ಯಾಡ ಅಂದ್ರೂ ಕಾಲ ಹಿಡದು ಕೇಳ್ತೀವಲ್ಲ, ಹಂಗ. ಸಿಟ್ಟಾಗಿ ನಿನ್ನ ಕಳಸೂದೂ ಕಳಸ್ತಿದ್ದೆನೇನೋ. ಆದ್ರ ಅಂವಾ ಅಂದಿಲ್ಲದ್ದು ಅಂದಾನ ಅಂತ ಹೇಳ್ತಿದ್ದಿಲ್ಲ. ಜಗಳಾ ಬ್ಯಾರೆ, ಮೋಸ ಬ್ಯಾರೆ."

ಕೊಪ್ಪೆಯ ಹೊರಗೆ ಅವ್ವನವರ ಕೂಗು ಕೇಳುತ್ತಿತ್ತು. ಅಪ್ಪ ಇನ್ನಷ್ಟು ಕಡಲೆ ನನ್ನ ಕಡೆ ಸರಿಸಿದರು. "ನೀ ಆವತ್ತ ನನ್ನ ಜೋಡಿ ಜಗಳಾ ಮಾಡಬೇಕಿತ್ತು. ಹೊಸ್ತಿಲದಾಗ ಅಡ್ಡ ಮಲಗಬೇಕಿತ್ತು. ಓದಿದಾಕಿ ನೀ, ನಿನಗ ಬಾಯಿಲ್ಲೇನು?"

ಬಾಯಿ ಇತ್ತು. ಧೈರ್ಯ ಇರಲಿಲ್ಲ. ಆಸ್ಪತ್ರೆಯಲ್ಲಿ ಒಂದೇ ಒಂದು ಸಲ "ಇದು ಕೇಳೂ ಮಾತಲ್ಲ" ಎಂದು ಸುಮ್ಮನಾಗಿದ್ದೆ. ಅಪ್ಪನ ಎದುರು ನಿಂತು ಅತ್ತು ಕೂಗಾಡುವ ಧೈರ್ಯವಿಲ್ಲದೆ, ಬೆನ್ನು ತಿರುಗಿಸಿ ಮಾಡುವ ಕೆಲಸ ಮಾಡಿದ್ದೆ. ಬುದ್ಧಿವಂತಿಕೆ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ.

ಇದಾದ ಮೇಲೆ ನನಗೆ ಉಮರ್ಗಾದಲ್ಲಿ ಕೆಲಸ ಸಿಕ್ಕಿತು. ಹೋದ ವರ್ಷ ಚಳಿಗಾಲದಲ್ಲಿ ಅವ್ವ ಫೋನ್ ಮಾಡಿದಳು. ಅಪ್ಪನ ಇನ್ನೊಂದು ಕಾಲಿನ ಕಿರುಬೆರಳಿನ ಮೇಲೆ ಗುಳ್ಳೆ ಎದ್ದು ಕಪ್ಪಾಗಿದೆ ಎಂದು. ಈ ಸಲ ನಾನು ತಡ ಮಾಡಲಿಲ್ಲ. ಡಾಕ್ಟರರಿಗೆ ತೋರಿಸಿದೆವು. ಬೆರಳು ತೆಗೆದರೆ ಕಾಲು ಉಳಿಯುತ್ತದೆ, ಬಿಟ್ಟರೆ ಹೇಳಲಾಗದು ಎಂದರು. ಸಕ್ಕರೆ ಹೆಚ್ಚಿದೆ, ಗಾಯ ಮಾಯದೆಯೂ ಇರಬಹುದು ಎಂದೂ ಮುಚ್ಚಿಡದೆ ಹೇಳಿದರು.

ಹೊರಗೆ ಬಂದ ಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ನೀ ಏನಂತಿ?"

"ತೆಗಸಬೇಕು ಅಂತೀನಿ. ನಾಳಿಗೇ."

"ಆತು. ನಿನ್ನ ಮಾತು ಕೇಳ್ದೆ. ಈಗ ಅವನ್ದು ಕೇಳೂನು."

ಮರುದಿನ ಬೆಳಿಗ್ಗೆ ಮತ್ತೆ ಅದೇ ಗುಡಿ. ಅಯ್ನೋರು ಇನ್ನೂ ಇದ್ದರು, ಎರಡನೆಯ ಕಣ್ಣಿಗೂ ಪೊರೆ ಬಂದಿತ್ತು. ಅಪ್ಪ ಮತ್ತೆ ಹೊಸ್ತಿಲಲ್ಲೇ ಕುಳಿತರು, ಗಾಯದ ಕಾಲೆಂದು. ಪತ್ರಿ ಮತ್ತೆ ನನ್ನ ಕೈಗೆ ಬಂದವು. ಗಿಂಡಿ, ಹಸಿ ಗಂಧ ಎಲ್ಲವೂ ಅಲ್ಲೇ ಇದ್ದವು. ಈ ಸಲ ನಾನು ಬೆನ್ನು ತಿರುಗಿಸಲಿಲ್ಲ. ಅಪ್ಪನಿಗೆ ಕಾಣುವ ಹಾಗೆ ಪಕ್ಕಕ್ಕೆ ನಿಂತೆ. ಎರಡನ್ನೂ ಒಟ್ಟಿಗೆ ನೀರಿನಲ್ಲಿ ಅದ್ದಿದೆ, ಒಟ್ಟಿಗೆ ಹಚ್ಚಿದೆ. ಬಂದು ಅಪ್ಪನ ಪಕ್ಕದಲ್ಲಿ ಕೈಕಟ್ಟಿ ಕುಳಿತೆ.

ಅಪ್ಪ ಕೇಳಿದರು. ನಾವು ಕಾಯ್ದೆವು.

ಕಾಯುವುದೆಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಬಲಗಡೆಯದು ಬೀಳಲಿ, ಬಲಗಡೆಯದು ಬೀಳಲಿ ಎಂದು ಮೊದಲು ಅಂದುಕೊಳ್ಳುತ್ತಿದ್ದೆ. ಆಮೇಲೆ ಆ ಮಾತೂ ಸವೆದು ಹೋಯಿತು. ಎದುರಿಗೆ ಇದ್ದದ್ದು ಕಲ್ಲು ಎಂದು ಆ ದಿನ ನನಗೆ ಅನ್ನಿಸಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಎಡಗಡೆಯ ಪತ್ರಿ ಬಿತ್ತು.

ಅಪ್ಪನ ಕಡೆ ನೋಡುವ ಧೈರ್ಯವಾಗಲಿಲ್ಲ. ಅಯ್ನೋರಿಗೆ ಕಾಣಲಿಲ್ಲ. "ಏನಾತು?" ಎಂದು ಕೇಳಿದರು.

"ಎಡಕ ಬಿತ್ರಿ" ಎಂದೆ. ಅಷ್ಟು ಹೇಳಲು ಬಹಳ ಕಷ್ಟವಾಯಿತು.

ಅಪ್ಪ ಟೋಪಿ ತೆಗೆದರು. ನಕಲಿ ಕಾಲನ್ನು ಬದಿಗೆ ಚಾಚಿ, ಎರಡೂ ಕೈ ಹೊಸ್ತಿಲ ಮೇಲೆ ಊರಿ ಮುಂದಕ್ಕೆ ಬಾಗಿದರು. ಮನೆಯ ಹಿರಿಯರ ಜೊತೆ ಮಾತಾಡುವ ದನಿಯಲ್ಲೇ ಮಾತಾಡಿದರು.

"ಬ್ಯಾಡ ಅಂದಿ. ಕೇಳಿಸ್ಕೊಂಡೆ. ಹೋದ ಸಲ ನೀ ಏನಂತಿದ್ದಿಯೋ ನಮಗ ತಿಳೀಲೇ ಇಲ್ಲ. ಈ ಸಲ ತಿಳೀತು. ಆದ್ರ ನನ್ನ ಮಗಳು ಬೇಕಂತಾಳ. ಆಕಿನ್ನ ಕಾಲೇಜಿಗಿ ಕಳಸು ಅಂದಾಂವ ನೀನ ಅಲ್ಲೇನು? ನೀನ ಕಲಿಸಿ, ಈಗ ಆಕಿ ಮಾತ ಕೇಳಬ್ಯಾಡ ಅಂದ್ರ ನಾ ಹ್ಯಾಂಗ ಮಾಡ್ಲಿ? ನಾ ಆಕಿ ಮಾತ ಕೇಳ್ತೀನಿ. ತಪ್ಪಾದ್ರ ನನ್ನ ಮ್ಯಾಲ ಹಾಕು, ಆಕಿ ಮ್ಯಾಲ ಹಾಕಬ್ಯಾಡ."

ಹಣೆಯನ್ನು ಹೊಸ್ತಿಲಿಗೆ ಹಚ್ಚಿದರು. ಎದ್ದು ಟೋಪಿ ಹಾಕಿಕೊಂಡರು.

"ಗಾಡಿ ತೆಗಿ ಶೈಲಾ. ನಾ ಹೇಳೂದು ಹೇಳೀನಿ. ಅಂವಗ ಇನ್ನೇನರ ಹೇಳೂದಿದ್ರ ಹಾದ್ಯಾಗ ಹೇಳ್ಲಿ."

ಅಯ್ನೋರು ಹಲ್ಲಿಲ್ಲದ ಬಾಯಲ್ಲಿ ನಕ್ಕು, ವಿಭೂತಿ ತಟ್ಟೆ ಹುಡುಕಿ ತೆಗೆದು, ಅಪ್ಪನ ಹಣೆಗೂ ನನ್ನ ಹಣೆಗೂ ಹಚ್ಚಿದರು. ಆಮೇಲೆ ನನ್ನ ಬಲಗೈ ಹಿಡಿದು ಮೂಗಿನ ಹತ್ತಿರ ಒಯ್ದರು. "ಈ ಸಲ ಗಂಧ ಹತ್ತಿಲ್ಲ, ಹೋಗವ್ವ" ಎಂದರು.

ಬೆರಳು ತೆಗೆದರು. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಕೀವು ತುಂಬಿ ನಾವೆಲ್ಲ ಹೆದರಿದೆವು. ಆ ಮೂರು ತಿಂಗಳಲ್ಲಿ ಒಮ್ಮೆಯೂ ಅಪ್ಪ, "ಎಡಕ ಬಿದ್ದಿತ್ತು ನೋಡು" ಎಂದು ನನಗೆ ಅನ್ನಲಿಲ್ಲ. ಈಗ ಒಂದು ನಕಲಿ ಕಾಲು, ನಾಲ್ಕು ಬೆರಳಿನ ಒಂದು ಪಾದದ ಮೇಲೆ ಸೋಮವಾರಕ್ಕೊಮ್ಮೆ ಗುಡಿಗೆ ಹೋಗುತ್ತಾರೆ. ಅಲ್ಲಿ ತಾಸುಗಟ್ಟಲೆ ಏನು ಮಾತಾಡುತ್ತಾರೋ ನಮಗೆ ಹೇಳುವುದಿಲ್ಲ. ಒಮ್ಮೊಮ್ಮೆ ದನಿ ಏರುತ್ತದೆ ಎಂದು ಅಯ್ನೋರು ಹೇಳುತ್ತಾರೆ.

ಮೊದಲ ಸಲ ನಾನು ಮಾಡಿದ್ದರಿಂದ ಅಪ್ಪ ಉಳಿದರು ಎಂಬುದು ನಿಜ. ಆದರೂ ಆ ದಿನ ಗುಡಿಗೆ ಹೋದ ಮೂರ್ನಾಲ್ಕು ಜನರಲ್ಲಿ ಏನನ್ನೂ ಕೇಳದೆ ಬಂದವಳು ನಾನೊಬ್ಬಳೇ. ಉತ್ತರ ನನ್ನ ಹತ್ತಿರ ಮೊದಲೇ ಇತ್ತು, ಅದನ್ನೇ ದೇವರ ಮೇಲೆ ಅಂಟಿಸಿ ಬಂದಿದ್ದೆ. ಈಗ ನನ್ನ ಬಾಳಿನಲ್ಲೂ ತೀರ್ಮಾನ ಮಾಡಬೇಕಾದ ಮಾತುಗಳು ಬರುತ್ತವೆ. ಅಂಥ ದಿನ ಊರಿಗೆ ಹೋಗಿ, ಎರಡು ಪತ್ರಿ ಒಂದೇ ನೀರಿನಲ್ಲಿ ಅದ್ದಿ ಹಚ್ಚಿ, ಕೈಕಟ್ಟಿ ಕೂಡುತ್ತೇನೆ. ಕೆಲವು ಸಲ ಒಪ್ಪುತ್ತೇನೆ, ಕೆಲವು ಸಲ ಅಪ್ಪನ ಹಾಗೆ ಜಗಳ ತೆಗೆಯುತ್ತೇನೆ.

ಒಂದು ಮಾತು ಉಳಿಯಿತು. ಆ ಎರಡನೆಯ ಸಲ ನಾವು ಆಸ್ಪತ್ರೆಗೆ ಹೊರಟು ಬಂದಾಗ ಬಲಗಡೆಯ ಪತ್ರಿ ಲಿಂಗದ ಮೇಲೆ ಹಾಗೇ ಇತ್ತು. ಮರುದಿನ ಮುಂಜಾನೆ ಅಯ್ನೋರು ಪೂಜೆಗೆ ಬಂದು ಬೆರಳು ಆಡಿಸಿ ನೋಡಿದಾಗಲೂ ಬಿದ್ದಿರಲಿಲ್ಲವಂತೆ. ಅವರು ಅದನ್ನು ಕೈಯಿಂದ ತೆಗೆಯಲಿಲ್ಲ. ಅದರ ಮೇಲೆಯೇ ನೀರು ಹಾಕಿದರಂತೆ. ಅದು ನೀರಿನ ಜೊತೆ ತಾನಾಗಿಯೇ ಇಳಿದು ಹೋಯಿತಂತೆ.